ಕಂಪ್ಲಿಗೆ ಹೋಗುವ ಕಪ್, ಚಿತ್ತವಾಡ್ಗಿಯ ಹೊಟ್ಟೆಕಿಚ್ಚು

ಚಿತ್ತವಾಡ್ಗಿಯಲ್ಲಿ ಮಂಡಕ್ಕಿ ಒಗ್ಗರಣಿ-ಮಿರ್ಚಿ ಅಂಗಡಿ ಇಟ್ಟವನಿಗೆ ಜಗಳಕ್ಕೂ ನಗುವಿಗೂ ಬರವಿಲ್ಲ. ಅದರ ಮೇಲೆ ಕ್ರಿಕೆಟ್ ಹುಚ್ಚೂ ಇದ್ದರೆ ಕೇಳಲೇಬೇಡಿ. ನಮ್ಮ ಓಣಿಯ ಟೆನಿಸ್ ಬಾಲ್ ಟೀಮಿಗೂ ಕಂಪ್ಲಿಯ ಟೀಮಿಗೂ ನನ್ನ ಮೀಸೆ ಕಪ್ಪಗಿದ್ದ ಕಾಲದಿಂದ ಹಾವು-ಮುಂಗುಸಿ ಸಂಬಂಧ. ಪ್ರತಿವರ್ಷ ಆಟ ನಮ್ಮ ಹೊಸಪೇಟೆಯಲ್ಲೇ, ಫೈನಲ್‌ನಲ್ಲಿ ನಾವೇ ಇಬ್ಬರು, ಕಪ್ ಮಾತ್ರ ಕಂಪ್ಲಿಗೆ. ಸುಳ್ಳೇಕೆ ಹೇಳಲಿ, ನನಗೆ ಭಾರಿ ಹೊಟ್ಟೆಕಿಚ್ಚು. ಒಲೆ ಹಚ್ಚಲು ನಮ್ಮ ಮನೆಗೆ ಬೆಂಕಿಪೊಟ್ಟಣವೇ ಬೇಡ ಎನ್ನುತ್ತಾಳೆ ನನ್ನ ಹೆಂಡತಿ.

ಖಾರ

ಒಂದು ವರ್ಷ ಗೆದ್ದವರು ಟ್ರ್ಯಾಕ್ಟರಿನಲ್ಲಿ ಕಪ್ ನಿಲ್ಲಿಸಿಕೊಂಡು, ಹಲಗೆ ಬಾರಿಸುತ್ತ ಹೊರಟರು. ನೆಟ್ಟಗೆ ತಮ್ಮ ಊರಿಗೆ ಹೋಗಬಾರದೆ? ನನ್ನ ಅಂಗಡಿ ಮುಂದೆಯೇ ನಿಲ್ಲಿಸಿ, ಕಪ್ಪನ್ನು ನನ್ನ ಟೇಬಲ್ಲಿನ ಮೇಲೆಯೇ ಇಟ್ಟರು.

"ಕಾಕಾ, ಬಿಸಿ ಬಿಸಿ ಮಿರ್ಚಿ ಹಾಕ್ರಿ. ಜಲ್ದಿ!"

ನಾನು ಒಳಗೆ ಹೋಗಿ, ಮುಟ್ಟಿದರೆ ಕೈ ಉರಿಯುವಂಥ ಮೆಣಸಿನಕಾಯಿಗಳನ್ನೇ ಆರಿಸಿ ಕರಿದು ತಂದೆ. ತಿಂದರು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು. "ಏನ್ ಮಸ್ತ್ ಅದಾವ್ರಿ ಕಾಕಾ! ಮನಿಗೂ ಒಂದಿಷ್ಟು ಕಟ್ರಿ" ಎಂದರು. ಕಟ್ಟಿಸಿಕೊಂಡು ಹೋದರು ಕೂಡ. ಅಷ್ಟರಲ್ಲಿ ಸೋತ ಮುಖ ಹೊತ್ತು ಬಂದ ನಮ್ಮ ಹುಡುಗರು ಉಳಿದ ತಟ್ಟೆಗೆ ಕೈ ಹಾಕಿದರು. ಆ ಸಂಜೆ ನಳದ ಮುಂದೆ ಬಾಯಿ ತೆರೆದುಕೊಂಡು ಸಾಲಾಗಿ ನಿಂತವರು ನಮ್ಮ ಟೀಮಿನ ಹನ್ನೊಂದು ಮಂದಿ.

ಬೆರಳು

ದೊಡ್ಡ ಮಗಳಿಗೆ ಕಂಪ್ಲಿಯಿಂದಲೇ ಸಂಬಂಧ ಬಂತು. ಭತ್ತದ ಗದ್ದೆ, ಒಳ್ಳೆಯ ಮನೆತನ, ಹುಡುಗನಿಗೆ ಎಲೆ-ಅಡಿಕೆಯ ಚಟವೂ ಇಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ.

"ಹುಡುಗ ಕ್ರಿಕೆಟ್ ಆಡ್ತಾನೇನ್ರಿ?"

"ಬಿಟ್ಟಾನ್ರಿ," ಎಂದರು ಅವನ ತಂದೆ. "ಬೆರಳು ಮುರ್ಕೊಂಡ. ಇನ್ನಾ ನೆಟ್ಟಗ ಕೂಡಿಲ್ಲ."

ಇಂಥ ಶುಭ ಸುದ್ದಿಯನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಅಲ್ಲೇ ಒಪ್ಪಿಕೊಂಡೆ.

ಮದುವೆಯಾದ ಮೇಲೆ ಮೊದಲ ಹಬ್ಬಕ್ಕೆ ಅಳಿಯ ಬಂದ. ರೊಟ್ಟಿ ಮುರಿಯಲು ಒದ್ದಾಡುತ್ತಿದ್ದ. ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು. "ಅಳಿಯಂದ್ರ ಕೈ ಹಿಂಗ ಬಿಟ್ರ ಮಂದಿ ಏನಂತಾರ? ಸಂಡೂರಾಗ ಎಲುಬು ಕಟ್ಟೋರು ಅದಾರಂತ, ಕರ್ಕೊಂಡ್ ಹೋಗ್ರಿ."

ಮೂರು ಸಲ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸಂಡೂರಿಗೆ ಹೋದೆ. ಬೆರಳು ನೆಟ್ಟಗಾಯಿತು. ಆ ವರ್ಷದ ಫೈನಲ್‌ನಲ್ಲಿ ಅದೇ ಬೆರಳಿನಿಂದ ಚೆಂಡು ತಿರುಗಿಸಿ ನಮ್ಮ ಐದು ವಿಕೆಟ್ ಕಿತ್ತ. ಮೇಲಾಗಿ ಮೈಕ್ ಹಿಡಿದು, "ಇದೆಲ್ಲಾ ನಮ್ಮ ಮಾವಾರ ಪುಣ್ಯಾರಿ" ಅಂದ.

ಚಪ್ಪಾಳೆ

ಅಂದಿನಿಂದ ನನ್ನ ಹೆಂಡತಿಯೂ ಕಂಪ್ಲಿ ಪಾರ್ಟಿ. ಅಳಿಯ ಚೆಂಡು ಹಿಡಿದರೆ ಚಪ್ಪಾಳೆ, ಬಿಟ್ಟರೂ ಚಪ್ಪಾಳೆ. ನನಗೆ ತಡೆಯಲಾಗಲಿಲ್ಲ.

"ಮೂವತ್ತು ವರ್ಷ ಆತು ಮಿರ್ಚಿ ಕರ್ಯಾಕತ್ತು. ನನಗ ಒಂದಿನಾರ ಚಪ್ಪಾಳಿ ಹೊಡ್ದೀಯೇನ?"

"ನೀವು ಒಂದಿನಾರ ವಿಕೆಟ್ ತಗೊಂಡೀರೇನು?" ಎಂದಳು.

ತಂಬಿಗೆ

ಇದು ಕಳೆದ ಫೈನಲ್. ಕೊನೆಯ ಚೆಂಡು, ಕೊನೆಯ ವಿಕೆಟ್, ನಮಗೆ ಬೇಕಾದದ್ದು ಎರಡು ರನ್. ನಾನು ಬೌಂಡರಿ ಹಗ್ಗದ ಆಚೆ ಕುರ್ಚಿ ಹಾಕಿಕೊಂಡು, ತಂಬಿಗೆಯಲ್ಲಿ ನೀರಿಟ್ಟುಕೊಂಡು, ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದೆ. ನಮ್ಮ ಹುಡುಗ ಬೀಸಿದ. ಚೆಂಡು ಆಕಾಶಕ್ಕೆ ಹೋಯಿತು. ಅದರ ಕೆಳಗೆ ಓಡಿ ಬಂದವನು ಬೇರೆ ಯಾರೂ ಅಲ್ಲ, ನನ್ನ ಅಳಿಯ. ಅದೂ ನನ್ನ ಕಡೆಗೇ!

ದೇವರಾಣೆ, ಬೇಕೆಂದು ಮಾಡಲಿಲ್ಲ. ಅಳಿಯ ಎದುರಿಗೆ ಬಂದರೆ ಎದ್ದು ನಿಂತು ಕೈಗೆ ನೀರು ಕೊಡುವುದು ನಮ್ಮ ಮನೆಯ ರೂಢಿ. ದೇಹ ತಾನಾಗಿಯೇ ಎದ್ದಿತು.

"ಬರ್ರಿ ಅಳಿಯಂದ್ರ, ನೀರ್ ತಗೋರಿ!"

ಅವನೂ ಸಂಸ್ಕಾರವಂತ. ಮಾವ ನೀರು ಕೊಟ್ಟಾಗ ಒಂದು ಕೈ ಚಾಚುವುದು ಮರ್ಯಾದೆಯೇ? ಎರಡೂ ಕೈಯಿಂದ ತಂಬಿಗೆ ಹಿಡಿದ. ಚೆಂಡು ಅವನ ಬೆನ್ನ ಹಿಂದೆ ಬಿತ್ತು. ನಮ್ಮವರು ಎರಡು ರನ್ ಓಡಿ ಮುಗಿಸಿದರು.

ಕಂಪ್ಲಿಯ ಕ್ಯಾಪ್ಟನ್ ಅಂಪೈರ್ ಮೇಲೆ ಹರಿಹಾಯ್ದ. ಅಂಪೈರ್ ಅಂದ: "ಅವ್ರು ಹಗ್ಗದ ಆಚಿಗೆ ನಿಂತು ನೀರ್ ಕೊಟ್ಟಾರ. ತಗೊಂಡವ ನಿಮ್ ಹುಡುಗ. ನಾ ಏನ್ ಮಾಡ್ಲಿ?"

ಅಳಿಯ ನಿಂತಲ್ಲೇ ನಿಂತಿದ್ದ. ಬೈಯುತ್ತಾನೆಂದುಕೊಂಡೆ. ತಂಬಿಗೆ ಎತ್ತಿ ಕುಡಿದು, "ಭಾಳ ತಣ್ಣಗದಾವ್ರಿ ಮಾವಾರ" ಎಂದು ವಾಪಸ್ ಕೊಟ್ಟ. ಅಷ್ಟು ವರ್ಷದ ಹೊಟ್ಟೆಕಿಚ್ಚು ಹೊತ್ತ ನನಗೆ ತಲೆ ಎತ್ತಲಾಗಲಿಲ್ಲ. ಇಂಥ ಹುಡುಗನೂ ಕಂಪ್ಲಿಯವರಿಗೇ ಸಿಗಬೇಕೆ ಎಂದು ಹೊಸದಾಗಿ ಹೊಟ್ಟೆ ಉರಿಯಿತು.

ಕಪ್ ಈಗ ನನ್ನ ಅಂಗಡಿಯಲ್ಲೇ ಇದೆ. ಮೊನ್ನೆ ನಮ್ಮ ಟೀಮಿನ ಕ್ಯಾಪ್ಟನ್ ಅದನ್ನು ಒರೆಸುತ್ತ, ಮೆಲ್ಲಗೆ ನನ್ನ ಪಕ್ಕಕ್ಕೆ ಬಂದ.

"ಕಾಕಾ, ನಿಮ್ ಸಣ್ಣ ಮಗಳಿಗೆ ವರ ನೋಡಾಕತ್ತೀರಂತಲ್ಲ?"

"ಹೌದಪಾ, ಯಾಕ?"

"ಕಂಪ್ಲಿ ವಿಕೆಟ್ ಕೀಪರ್‌ಗ ಇನ್ನಾ ಮದುವಿ ಆಗಿಲ್ರಿ."