ಬಾಸಿಗೆ ಎಷ್ಟು ಇಂದ್ರಿಯ?

ಜೈನರ ದಶಲಕ್ಷಣ ಪರ್ವದ ಮೊದಲ ದಿನ, ಬಸದಿಯಲ್ಲಿ ಹತ್ತು ಜನ ಕೇಳುವ ಹಾಗೆ ಸುಕುಮಾರರು ನಿಯಮ ಹಿಡಿದರು: ಈ ಹತ್ತು ದಿನ ತಮ್ಮ ಕೈಯಿಂದ ಒಂದು ಇರುವೆಯೂ ಸಾಯುವುದಿಲ್ಲ! ಬೇರೆಯವರು ಒಂದು ಹೊತ್ತಿನ ಊಟ ಬಿಟ್ಟು ಸುಮ್ಮನಾಗಿದ್ದರು. ನಾರಾವಿ ಪೇಟೆಯ ಪಾತ್ರೆ ಅಂಗಡಿಯ ಯಜಮಾನರಿಗೆ ಅಷ್ಟು ಸಣ್ಣದು ಸಾಲುತ್ತದೆಯೇ? ಮರುದಿನ ಅಂಗಳದಲ್ಲಿ ಇರುವೆ ಸಾಲಿಗೆ ದಾರಿ ಬಿಟ್ಟು ನಿಂತರು. ಹೆಂಡತಿ ವಸಂತಿ ಅದನ್ನು ನೋಡಿದಳೋ ಇಲ್ಲವೋ ಎಂದೂ ಓರೆಗಣ್ಣಿನಲ್ಲಿ ನೋಡಿಕೊಂಡರು.

ಗ್ರಹಚಾರ ವಕ್ಕರಿಸಿದ್ದು ಪಕ್ಕದ ಚಪ್ಪಲಿ ಅಂಗಡಿಯ ಅಬ್ದುಲ್ ರಹಿಮಾನನ ಬಾಯಿಯಿಂದ. ಐದನೆಯ ದಿನ ಅಂಗಡಿಗೆ ಬಂದ ವಸಂತಿಗೆ ಅವನು ಅಭಿಮಾನದಿಂದಲೇ ಹೇಳಿದ, "ವಸಂತಿಯಕ್ಕ, ಸುಕುಮಾರಣ್ಣ ನಿನ್ನೆ ಬಾಸನ್ನು ಮೂರು ಸಲ ಕೊಂದರಂತೆ. ನನ್ನಿಂದ ಒಂದು ಸಲವೂ ಆಗಲಿಲ್ಲ."

ಸ್ವಂತ ಅಂಗಡಿ ಇಟ್ಟವರಿಗೆ ಬಾಸ್ ಎಲ್ಲಿಂದ ಬಂದ? ಬಂದರೂ ಒಬ್ಬನನ್ನೇ ಮೂರು ಸಲ ಕೊಲ್ಲುವುದು ಹೇಗೆ? ವಿಚಾರಣೆ ಶುರುವಾದಾಗ ಸುಕುಮಾರರ ಮೊಬೈಲ್ ಹೊರಬಂತು. ಅದರಲ್ಲೊಂದು ಆಟ, ಆಟದ ಕೊನೆಯ ಕೆರೆಯಲ್ಲಿ ಬಾಸ್ ಎಂಬ ರಾಕ್ಷಸ. ಸೊಂಟದಿಂದ ಮೇಲೆ ಕಪ್ಪೆ, ಕೆಳಗೆ ಮೊಸಳೆ. ಹೃದಯ ಮೂರು, ನಾಲಿಗೆ ಹತ್ತು ಮಾರು. ನೀರಿನಲ್ಲಿ ಕಿವಿರಿನಿಂದ ಉಸಿರಾಟ; ದಡ ಹತ್ತಿದರೆ ಚರ್ಮ ಕಲ್ಲಾಗುತ್ತದೆ. ಕಾಲು ಕಡಿದರೆ ಒಂದು ಲೋಟ ಚಹಾ ಮುಗಿಯುವುದರೊಳಗೆ ಹೊಸ ಕಾಲು ಬರುತ್ತದೆ. ಸುಕುಮಾರರು ಇದನ್ನೆಲ್ಲ ತಾವೇ ಸಾಕಿದ ಪ್ರಾಣಿಯೆಂಬ ಹೆಮ್ಮೆಯಿಂದ ವರ್ಣಿಸಿದರು.

ಪೂರ್ತಿ ಕೇಳಿಸಿಕೊಂಡ ವಸಂತಿ ಕೇಳಿದ್ದು ಒಂದೇ ಪ್ರಶ್ನೆ: "ಅದಕ್ಕೆ ಇಂದ್ರಿಯ ಎಷ್ಟು?"

ಜೀವಿಗೆ ಇಂದ್ರಿಯ ಹೆಚ್ಚಿದಷ್ಟೂ ಕೊಂದ ಪಾಪವೂ ಹೆಚ್ಚು, ಐದರ ಮೇಲೆ ಮನಸ್ಸೂ ಇದ್ದರೆ ಎಲ್ಲಕ್ಕಿಂತ ಹೆಚ್ಚು ಎಂದು ಇಬ್ಬರೂ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದವರು. ಅದು ಬರೀ ಚಿತ್ರ ಎಂದುಬಿಟ್ಟಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ವಾದಕ್ಕೆ ಕರೆದರೆ ಸುಕುಮಾರರು ಬಿಡುವವರಲ್ಲ. ಕಿವಿಯೇ ಕಾಣುವುದಿಲ್ಲ, ಹಾಗಾಗಿ ನಾಲ್ಕೇ ಇಂದ್ರಿಯ ಎಂದು ತೀರ್ಪು ಕೊಟ್ಟರು. ವಸಂತಿ ಮೊಬೈಲ್ ತೆಗೆದುಕೊಂಡು ಆಟದ ಸೈನಿಕನನ್ನು ದಡದಲ್ಲಿ ಎರಡು ಹೆಜ್ಜೆ ನಡೆಸಿದಳು. ಬೆನ್ನು ಹಾಕಿ ಕುಳಿತಿದ್ದ ಬಾಸ್ ಹೆಜ್ಜೆಯ ಸದ್ದಿಗೆ ಸರಕ್ಕನೆ ತಿರುಗಿತು. ಐದಾಯಿತು. ಇರಲಿ, ಮನಸ್ಸಾದರೂ ಇಲ್ಲವಲ್ಲ ಎಂದರು ಸುಕುಮಾರರು.

"ನೀವು ಬಾಣ ತೆಗೆಯುವ ಮೊದಲೇ ನೀರಿಗೆ ಹಾರ್ತದಲ್ಲ, ಮನಸ್ಸು ಉಂಟು. ನಿಮ್ಮದಕ್ಕಿಂತ ಚುರುಕೇ ಉಂಟು."

ಅಲ್ಲಿಗೆ ಲೆಕ್ಕ ಮುಗಿಯಿತು. ಪರ್ವದ ನಡುವೆ, ಮನಸ್ಸುಳ್ಳ ಪಂಚೇಂದ್ರಿಯ ಜೀವಿಯ ಹತ್ಯೆ, ಅದೂ ಮೂರು ಸಲ! ನಿಯಮ ಹಿಡಿದ ಜಾಗದಲ್ಲೇ, ಹಿಡಿದಷ್ಟೇ ದೊಡ್ಡ ಸ್ವರದಲ್ಲಿ, ನಾಳೆ ನಿಯಮ ಮುರಿಯಿತೆಂದು ಹೇಳಿಬಿಡಿ ಎಂದಳು ವಸಂತಿ. ಸುಕುಮಾರರು ಮನಸ್ಸಿನಲ್ಲೇ ಅಳೆದು ನೋಡಿದರು. ಬಸದಿಯಲ್ಲಿ ಮರ್ಯಾದೆ ಉಳಿಯಬೇಕಾದರೆ ರಹಿಮಾನನ ಮುಂದೆ ಅದನ್ನು ಕಳೆದುಕೊಳ್ಳಬೇಕು, ರಹಿಮಾನನ ಮುಂದೆ ಉಳಿಯಬೇಕಾದರೆ ಬಸದಿಯಲ್ಲಿ ಕಳೆದುಕೊಳ್ಳಬೇಕು. ಆ ರಹಿಮಾನನೋ, ಕಣ್ಣರಳಿಸಿಕೊಂಡು ಎದುರಿಗೇ ನಿಂತಿದ್ದಾನೆ.

"ಕೊಂದಿಲ್ಲ ಮಾರಾಯ್ತಿ," ಎಂದರು ಕಡೆಗೆ, ಸಣ್ಣ ಸ್ವರದಲ್ಲಿ. "ಒಂದು ಸಲವೂ ಕೊಂದಿಲ್ಲ. ಅದೇ ನನ್ನನ್ನು ನಲವತ್ತೊಂದು ಸಲ ತಿಂದದ್ದು."

ರಹಿಮಾನನಿಗೆ ಇದ್ದಕ್ಕಿದ್ದಂತೆ ತನ್ನ ಅಂಗಡಿಯಲ್ಲಿ ತುರ್ತು ಕೆಲಸ ನೆನಪಾಯಿತು. ಒಳಗೆ ಹೋಗಿ ನಕ್ಕದ್ದು ಇಲ್ಲಿಯವರೆಗೂ ಕೇಳಿಸಿತು.

ಮರುದಿನ ಬಸದಿಯಲ್ಲಿ ಯಾರೋ ಹಿರಿಯರು ಸುಕುಮಾರರ ನಿಯಮ ಹೇಗೆ ನಡೆಯುತ್ತಿದೆ ಎಂದು ವಿಚಾರಿಸಿದರು. ಸುಕುಮಾರರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ವಸಂತಿ ಕೈಮುಗಿದು ಉತ್ತರ ಕೊಟ್ಟಾಗಿತ್ತು.

"ಚಂದ ನಡೀತಾ ಉಂಟು. ಕೊಲ್ಲಲಿಕ್ಕೆ ಇವರು ತುಂಬ ಪ್ರಯತ್ನ ಮಾಡಿದರು, ಆಗಲಿಲ್ಲ."