ಅಚ್ಚಿನಲ್ಲಿ ಉಳಿದ ನನ್ನ ನಂಬರು

ಈ ಎಐ ಎಂಬ ಪ್ರಾಣಿಯ ಹೆಸರು ನನ್ನ ಕಿವಿಗೆ ಬಿದ್ದದ್ದು ಚೌತಿಯ ಮುನ್ನಾದಿನ, ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ. ಮಗ ಕೈಗಾ ಬಸ್ಸು ಹತ್ತಿ ಡ್ಯೂಟಿಗೆ ಹೋಗಿದ್ದ. ನಾನು ಅಚ್ಚಿನಲ್ಲಿ ನೇವ್ರಿ, ಅಂದರೆ ಕರ್ಜಿಕಾಯಿ, ಒತ್ತುತ್ತಿದ್ದೆ. ಸೊಸೆ ರೂಪಾ ಲ್ಯಾಪ್‌ಟಾಪು ಕುಟ್ಟುತ್ತ ದೇವಬಾಗದ ದೇವಿದಾಸನ ಹೋಂಸ್ಟೇಗೆ ವೆಬ್‌ಸೈಟು ಮಾಡುತ್ತಿದ್ದಳು. (ಹಿಟ್ಟು ಕಲಸಲು ಕೈ ನೋಯುತ್ತದಂತೆ, ಅದನ್ನು ಕುಟ್ಟಲು ನೋಯುವುದಿಲ್ಲ.) ದೇವಿದಾಸನೇ ಅವಳ ಮೊದಲ ಗಿರಾಕಿ. ಅವನಿಗೆ ಮೆಚ್ಚಿಗೆಯಾದರೆ ಆ ದಂಡೆಯ ಉಳಿದ ಹೋಂಸ್ಟೇಗಳೂ ಅವಳಿಗೇ.

"ಆಯಿ, ಎಲ್ಲ ಸೈಟಿಗೂ ಬೇಕಾಗೋ ಮಾಮೂಲಿ ಕೋಡು ಇರ್ತದೆ. ಟೆಂಪ್ಲೇಟ್ ಅಂದ್ರೆ ನಿಮ್ಮ ನೇವ್ರಿ ಅಚ್ಚು ಇದ್ದ ಹಾಗೆ, ಒಂದ್ಸಲ ಮಾಡಿಟ್ರೆ ಎಲ್ಲ ಸೈಟೂ ಅದ್ರಲ್ಲೇ ಒತ್ತಬಹುದು. ಎಐ ಆದ್ರೆ ಬಾಯಲ್ಲಿ ಹೇಳಿದ್ರೆ ಸಾಕು, ಪ್ರತಿ ಸಲ ಹೊಸದಾಗಿ ಅದೇ ಬರ್ಕೊಡ್ತದೆ. ಯಾವುದು ಮಾಡ್ಲಿ?"

"ಪುಕ್ಕಟೆ ಬರ್ಕೊಡ್ತದಾ? ಒಂದು ಚಾ ಕೂಡ ಕೇಳೂದಿಲ್ವಾ? ಹಂಗಾರೆ ಬೇರೆ ಏನೋ ಕೇಳ್ತದೆ, ನೋಡ್ತಾ ಇರು. ಅಚ್ಚೇ ಮಾಡು. ನನ್ನ ಅಚ್ಚಿನ ಒಂದು ನೇವ್ರಿಯಾದ್ರೂ ಎಣ್ಣೆಯಲ್ಲಿ ಬಾಯಿ ಬಿಟ್ಟಿದ್ಯಾ?"

(ಬಿಟ್ಟಿವೆ. ಅವನ್ನು ಯಾರೂ ನೋಡುವ ಮೊದಲು ನಾನೇ ತಿಂದುಬಿಡುತ್ತೇನೆ.)

ರೂಪಾ ಅಚ್ಚು ಮಾಡಿದಳು. ಸೈಟಿನ ಫೋನ್ ಗುಂಡಿ ಒತ್ತಿದರೆ ಕರೆ ಹೋಗುತ್ತದೋ ಎಂದು ನೋಡಲು ಅಚ್ಚಿನಲ್ಲಿ ನನ್ನ ನಂಬರನ್ನೇ ಹಾಕಿದಳು. ನನ್ನ ಮೊಬೈಲು ಟ್ರಿಣ್ ಎಂದಿತು; ನಾನು ಎಣ್ಣೆಗೈಯಲ್ಲೇ ವಿಜಯೋತ್ಸವ ಆಚರಿಸಿದೆ. "ತಪ್ಪೇನಾದ್ರೂ ಇದ್ಯಾ ಅಂತ ಎಐಗೆ ಒಂದ್ಸಲ ತೋರಿಸ್ತೆ" ಎಂದವಳು ಅದರ ಉತ್ತರ ಓದಿ ನಕ್ಕಳು. "ಆಯಿ, ಅಚ್ಚಿನಲ್ಲಿರೋ ನಂಬರು ಯಾರದು ಅಂತ ಕೇಳ್ತಾ ಅದೆ!"

ನನ್ನ ಪಿತ್ತ ನೆತ್ತಿಗೇರಿತು. "ಕಂಡ್ಯಾ! ನಾ ಹೇಳಿದ್ನಲ್ಲ! ಗಂಡೋ ಹೆಣ್ಣೋ ಗೊತ್ತಿಲ್ಲ, ಊರು ಕೇರಿ ಗೊತ್ತಿಲ್ಲ, ಗಂಡ ಸತ್ತವಳ ನಂಬರು ಕೇಳ್ತದೆ! ಮುಚ್ಚೇ ಅದನ್ನ!"

ನಾನು ನಿಂತು ಮುಚ್ಚಿಸಿದೆ. ಆ ಗದ್ದಲದಲ್ಲಿ ನಂಬರು ಬದಲಿಸುವ ಮಾತು ನೇವ್ರಿಯ ಜೊತೆ ಡಬ್ಬಿ ಸೇರಿತು.

ದೇವಿದಾಸನಿಗೆ ಸೈಟು ಮೆಚ್ಚಿಗೆಯಾಯಿತು. ಅದೇ ಅಚ್ಚಿನಿಂದ ಅವನ ನೆರೆಯವರಿಗೂ, ಅಂಕೋಲೆಯ ಒಬ್ಬ ಹಲ್ಲಿನ ಡಾಕ್ಟರಿಗೂ ರೂಪಾ ಸೈಟು ಒತ್ತಿಕೊಟ್ಟಳು. ಶುರುವಾಯಿತು ನನ್ನ ಮೊಬೈಲು. "ಎಸಿ ರೂಮು ಇದ್ಯಾ?" "ದವಡೆ ಬಾತದೆ, ಈಗ್ಲೇ ಬರ್ಲಾ?" ಒಬ್ಬನಿಗೆ ಲವಂಗ ಕಚ್ಚಿಕೊಂಡು ಮಲಗು ಎಂದೆ, ಪಾಪ, ಅವನು ಕೇಳಿದ್ದು ಸಮುದ್ರ ಕಾಣುವ ರೂಮು. ರೂಪಾಳಿಗೆ ಹೇಳಲಿಲ್ಲ. ಆ ಎಐಯೇ ನನ್ನ ನಂಬರನ್ನು ಊರಿಗೆಲ್ಲ ಹಂಚಿದೆ ಎಂದು ಗುಟ್ಟಾಗಿ ಸಾಕ್ಷಿ ಕೂಡಿಸುತ್ತಿದ್ದೆ.

ನಿನ್ನೆ ಮತ್ತೆ ಟ್ರಿಣ್. "ನಾನು ದೇವಿದಾಸ. ನನ್ನ ಸೈಟಿನ ಗುಂಡಿ ಒತ್ತಿದ್ರೆ ಇದು ಎಲ್ಲಿಗೆ ಬಂತು? ಯಾರ್ರೀ ಮಾತಾಡೂದು?"

ಪಕ್ಕದಲ್ಲಿದ್ದ ರೂಪಾಳ ಮುಖ ಕಡುಬಿನಂತೆ ಬೆಳ್ಳಗಾಯಿತು. ಮೊಬೈಲಿಗೆ ಅಂಗೈ ಅಡ್ಡ ಹಿಡಿದು ನನ್ನ ಕಿವಿಯಲ್ಲಿ ಬೇಡಿಕೊಂಡಳು:

"ಆಯಿ, ಕಾಲಿಗೆ ಬೀಳ್ತೆ. ನಾ ನಂಬರು ಬದಲಿಸೋವರೆಗೆ ನೀವೇ ಸೈಟಿನ ಫೋನು ಎತ್ತೋ ಎಐ ಅಂತ ಹೇಳಿ. ಮತ್ತೆ, ದಮ್ಮಯ್ಯ, ಬೈಬೇಡಿ. ಅದು ಬೈಯೂದಿಲ್ಲ."