ಒಂದೂ ಪಂದ್ಯ ಗೆಲ್ಲದ ಕೋಚ್ ಪೆಟ್ಟಿಬೋನ್ ಅವರ ಪ್ರತಿಮೆ

ಟಲೂಗಾ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹದಿನಾಲ್ಕು ವರ್ಷ ಕೋಚ್ ಆಗಿದ್ದ ರಾಯ್ಸ್ ಪೆಟ್ಟಿಬೋನ್ ಅವರು ತಮ್ಮ ಸೇವಾವಧಿಯಲ್ಲಿ ಒಂದೇ ಒಂದು ಪಂದ್ಯವನ್ನೂ ಗೆದ್ದಿರುವುದಿಲ್ಲ. ಸೋತಿರುವುದು ಮಾತ್ರ ಉಂಟು. ಈ ಸೇವೆಯನ್ನು ಸ್ಮರಿಸಿ ಅಲಬಾಮಾದ ಆ ಊರಿನ ಅಭಿಮಾನಿಗಳು ಕ್ರೀಡಾಂಗಣದ ಹೆಬ್ಬಾಗಿಲಲ್ಲಿ ಅವರ ಕಂಚಿನ ಪ್ರತಿಮೆ ನಿಲ್ಲಿಸಿದ್ದಾರೆ.

ಹೊರಗಿನವರು ಇದನ್ನು ಕೇಳಿ ನಕ್ಕಾರು. ನಗುವಂಥದ್ದೇನೂ ಇಲ್ಲ. ಪೆಟ್ಟಿಬೋನ್ ಅವರ ಕಾಲದಲ್ಲಿ ಟಲೂಗಾ ತಂಡ ಎದುರಾಳಿಗಿಂತ ಹೆಚ್ಚು ಅಂಕ ಗಳಿಸಿದ ಪಂದ್ಯಗಳು ನೂರಕ್ಕೂ ಹೆಚ್ಚಿವೆ. ಆದರೆ ಆಗ ಆಟಗಾರರಿಗೆಲ್ಲ ಯಾರೋ ಹೊಚ್ಚ ಹೊಸ ಪಿಕಪ್ ಗಾಡಿಗಳನ್ನು ಗುಟ್ಟಾಗಿ ಕೊಟ್ಟಿದ್ದರೆಂಬುದು ಆಮೇಲೆ ಬಯಲಾಯಿತು. ವಿದ್ಯಾರ್ಥಿಗಳು ಆಟದ ಮೇಲಿನ ಪ್ರೀತಿಗಾಗಿ ಆಡಬೇಕು, ಗಾಡಿಗಾಗಿ ಆಡಬಾರದು ಎಂಬುದು ಅಂದಿನ ನಿಯಮ. ಕ್ರೀಡಾ ಮಂಡಳಿ ವಿಚಾರಣೆ ನಡೆಸಿ ಗೆಲುವುಗಳನ್ನೆಲ್ಲ ದಾಖಲೆಯಿಂದ ತೆರವುಗೊಳಿಸಿತು. ಸೋಲುಗಳನ್ನು ಹಾಗೆಯೇ ಉಳಿಸಿತು. ಸೋತ ದಿನವೂ ಹುಡುಗರು ಅದೇ ಗಾಡಿಗಳಲ್ಲಿ ಮನೆಗೆ ಹೋಗಿದ್ದರಲ್ಲ ಎಂದು ಯಾರೋ ಪ್ರಶ್ನೆ ಎತ್ತಿದಾಗ, ಸೋಲುಗಳಲ್ಲಿ ಯಾವುದೇ ಅಕ್ರಮ ಕಂಡುಬಂದಿಲ್ಲ ಎಂಬ ಉತ್ತರ ಬಂತು.

ಪ್ರತಿ ಗೆಲುವಿಗೂ ಕೋಚ್ ಅವರಿಗೆ ಇನಾಮು ಸಂದಿತ್ತು. ಅದನ್ನು ವಾಪಸು ಕೇಳಿದರೆ ಆಗದ ಗೆಲುವಿಗೆ ಕಾಲೇಜು ಇನಾಮು ಕೊಟ್ಟಿತೆಂದು ಒಪ್ಪಿಕೊಂಡಂತಾಗುತ್ತದೆ. ಇದು ಆಡಳಿತಕ್ಕೆ ಶೋಭೆಯಲ್ಲವಾದ್ದರಿಂದ, ಇನಾಮನ್ನು ಅವರ ಬೇರಾವುದೋ ಸದ್ಗುಣಕ್ಕೆ ಕೊಡಲಾಗಿತ್ತೆಂದು ತೀರ್ಮಾನವಾಯಿತು. ಆ ಸದ್ಗುಣ ಯಾವುದೆಂದು ಪತ್ತೆಮಾಡಲು ನೇಮಿಸಿದ ಉಪಸಮಿತಿ ಈಗಲೂ ಕೆಲಸ ಮಾಡುತ್ತಿದೆ.

ಪ್ರತಿಮೆ ಸಮಿತಿಯ ಅಧ್ಯಕ್ಷರು ಬಡ್ ಹಕಬೀ. ಪಿಕಪ್ ಗಾಡಿಗಳ ವ್ಯಾಪಾರಿ. ಆ ಗಾಡಿಗಳನ್ನು ಕೊಟ್ಟ ‘ಯಾರೋ’ ಅವರೇ ಎಂಬುದು ಊರಿಗೆಲ್ಲ ಗೊತ್ತು, ಮಂಡಳಿಗೂ ಗೊತ್ತು. ಅದಕ್ಕಾಗಿ ಅವರು ಜೀವನಪರ್ಯಂತ ಕ್ರೀಡಾಂಗಣದ ಆವರಣಕ್ಕೆ ಕಾಲಿಡುವಂತಿಲ್ಲ. ರಸ್ತೆಯ ಆಚೆ ಬದಿ ಆವರಣಕ್ಕೆ ಸೇರದ ಕಾರಣ, ಅಧ್ಯಕ್ಷರು ಅಲ್ಲಿಯೇ ಕುರ್ಚಿ ಹಾಕಿಕೊಂಡು, ಒಲೆಯ ಮೇಲೆ ಹಂದಿಯ ಪಕ್ಕೆಲುಬು ಸುಡುತ್ತ, ದುರ್ಬೀನಿನಲ್ಲಿ ಕಾಮಗಾರಿಯ ಮೇಲ್ವಿಚಾರಣೆ ನಡೆಸಿದರು.

ಅನಾವರಣದ ದಿನ ಅಭಿಮಾನಿಗಳ ಪರವಾಗಿ ಮಾತಾಡಲು ಆಯ್ಕೆಯಾದವನು ವೆಂಡೆಲ್ ಟಿಡ್‌ವೆಲ್. ಶಾಲಾ ಬಸ್ಸಿನ ನಿವೃತ್ತ ಚಾಲಕ. ಮಾತುಗಾರನೇನಲ್ಲ. ಆದರೆ ಅವನ ಬಳಿ ಒಂದು ಫೋಟೋ ಇತ್ತು. ಊರಿನ ಪತ್ರಿಕೆಯ ಮುಖಪುಟದಲ್ಲಿ ಬಂದ ಆ ಫೋಟೋದಲ್ಲಿ, ಮೈಯೆಲ್ಲ ಕೆಸರಾದ ಒಬ್ಬ ಮುದುಕ ಮೈಯೆಲ್ಲ ಕೆಸರಾದ ಒಬ್ಬ ಯುವಕನನ್ನು ಬಾಚಿ ತಬ್ಬಿಕೊಂಡಿದ್ದಾನೆ. ಹಿಂದೆ ಅಂಕಫಲಕ ದೀಪ ಹೊತ್ತಿಸಿಕೊಂಡು ನಿಂತಿದೆ. ಟಲೂಗಾ ಹದಿನೇಳು, ಹಾರ್ಗ್ರೋವ್ ಹದಿನಾರು. ಯುವಕ ವೆಂಡೆಲ್, ಮುದುಕ ಅವನ ಅಪ್ಪ ಓಟಿಸ್.

ಓಟಿಸ್ ಟಿಡ್‌ವೆಲ್ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದವನು. ಮಾತಿನಲ್ಲೂ ಕೈಯಲ್ಲೂ ಬಿಗಿ. ಮಗ ಸೈನ್ಯದಿಂದ ಜೀವಸಹಿತ ಮನೆಗೆ ಬಂದ ದಿನ ಅವನ ಕೈ ಕುಲುಕಿ, ಹುಲ್ಲು ಕತ್ತರಿಸುವ ಯಂತ್ರ ಕೆಟ್ಟಿದೆ ನೋಡು ಎಂದಿದ್ದ. ಮಗನ ಮದುವೆಯ ದಿನವೂ ಕೈ ಕುಲುಕಿದ್ದ. ಜನ್ಮದಲ್ಲಿ ಅವನು ಮಗನನ್ನು ತಬ್ಬಿಕೊಂಡದ್ದು ಹಾರ್ಗ್ರೋವ್ ವಿರುದ್ಧದ ಆ ಕೆಸರಿನ ಪಂದ್ಯದ ದಿನ ಮಾತ್ರ. ಕೊನೆಯ ಒದೆತಕ್ಕೆ ಚೆಂಡು ಎರಡು ಕಂಬಗಳ ನಡುವೆ ತೂರಿಹೋದಾಗ ಜನ, ಅವರೊಡನೆ ವೆಂಡೆಲ್ ಕೂಡ, ಬೇಲಿ ಹಾರಿ ಮೈದಾನಕ್ಕೆ ನುಗ್ಗಿದ್ದರು. ಆ ಗದ್ದಲದಲ್ಲಿ ಓಟಿಸ್ ಮಗನನ್ನು ಹುಡುಕಿಕೊಂಡು ಬಂದಿದ್ದ. ಅದಾದ ಮೇಲೆ ಅವನು ಹೆಚ್ಚು ದಿನ ಬದುಕಲಿಲ್ಲ. ಅಪ್ಪ ತನ್ನನ್ನು ಒಮ್ಮೆ ತಬ್ಬಿಕೊಂಡಿದ್ದ ಎಂದು ಊರ ಮುಂದೆ ಹೇಳಬೇಕೆಂಬುದು ವೆಂಡೆಲ್‌ನ ಬಹುಕಾಲದ ಆಸೆ. ಭಾಷಣಕ್ಕೆ ಅವನು ಒಪ್ಪಿಕೊಂಡದ್ದು ಇದಕ್ಕಾಗಿಯೇ.

ಭಾಷಣವನ್ನು ಮೊದಲು ಕಾಲೇಜಿನ ನಿಯಮಪಾಲನಾಧಿಕಾರಿ ಮಿಸ್ ಡೆಲ್ಫಿನ್ ರಡ್ ಅವರ ಮುಂದೆ ಓದಿ ಮಂಜೂರು ಮಾಡಿಸಿಕೊಳ್ಳಬೇಕಿತ್ತು. ಆಕೆ ಸಭ್ಯಸ್ಥೆ. ವೆಂಡೆಲ್‌ಗೆ ಸಿಹಿಯಾದ ತಣ್ಣನೆಯ ಚಹಾ ಕೊಟ್ಟು, ಕಣ್ಣುಮುಚ್ಚಿ ಪೂರ್ತಿ ಕೇಳಿಸಿಕೊಂಡರು.

“ತಬ್ಬಿಕೊಂಡಿದ್ದಕ್ಕೆ ನನ್ನ ಅಭ್ಯಂತರ ಏನೂ ಇಲ್ಲ, ಮಿಸ್ಟರ್ ಟಿಡ್‌ವೆಲ್. ಅದರ ಹಿಂದಿನ ಮಾತು ಇದೆಯಲ್ಲ, ನಾವು ಗೆದ್ವಿ ಅನ್ನೋದು, ಅದು ಆಗಲ್ಲ.”

“ಅದು ಇಲ್ದಿದ್ರೆ ಅವನು ತಬ್ಕೋತಾನೇ ಇರ್ಲಿಲ್ಲ ಮ್ಯಾಮ್.”

“ಹಾಗಂತ ಅವರು ಹೇಳಿದ್ರಾ?”

“ಅವನು ಏನನ್ನೂ ಹೇಳೋ ಪೈಕಿ ಅಲ್ಲ.”

“ಹಾಗಾದ್ರೆ ಅದು ನಿಮ್ಮ ಊಹೆ.”

ವೆಂಡೆಲ್ ಚಹಾದ ಲೋಟ ಕೆಳಗಿಟ್ಟ. ಬಸ್ಸಿನಲ್ಲಿ ಗಲಾಟೆ ಮಾಡುವ ಮಕ್ಕಳ ಎದುರು ತೋರಿಸುತ್ತಿದ್ದ ತಾಳ್ಮೆಯನ್ನೇ ತಂದುಕೊಂಡು, ಹಾರ್ಗ್ರೋವ್‌ನವರು ಅಂದು ಸೋತದ್ದಾದರೂ ನಿಜವೋ ಎಂದು ಕೇಳಿದ. ಸೋತದ್ದು ನಿಜ, ಅವರ ಸೋಲು ತೆರವಾಗಿಲ್ಲ ಎಂದರು ಮಿಸ್ ಡೆಲ್ಫಿನ್.

“ಮತ್ತೆ ಯಾರ ಕೈಲಿ ಸೋತ್ರು?”

“ಅದು ಅವರ ಕಾಲೇಜಿಗೆ ಸಂಬಂಧಪಟ್ಟ ವಿಷಯ. ನಾವು ತಲೆ ಹಾಕೋದು ಸರಿಯಲ್ಲ.”

ಆಕೆಗೆ ಸಹಾಯ ಮಾಡುವ ಮನಸ್ಸಿತ್ತು. ಹಾರ್ಗ್ರೋವ್ ಪಂದ್ಯ ಕಳೆದ ಮರುವಾರದ ಪಂದ್ಯದಲ್ಲಿ ಟಲೂಗಾ ಹೀನಾಯವಾಗಿ ಸೋತಿದೆ, ಅದು ಪೂರ್ಣ ಮಾನ್ಯತೆ ಇರುವ ಪಂದ್ಯ, ಅಪ್ಪುಗೆಯನ್ನು ಅಲ್ಲಿಗೆ ವರ್ಗಾಯಿಸಬಹುದಲ್ಲ ಎಂದು ಸೂಚಿಸಿದರು. ಆ ದಿನ ಅಪ್ಪ ಅರ್ಧದಲ್ಲೇ ಎದ್ದುಹೋಗಿ ಗಾಡಿಯಲ್ಲಿ ಕುಳಿತಿದ್ದ, ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ ಎಂದ ವೆಂಡೆಲ್. ಹಾಗಿದ್ದರೆ ಫೋಟೋವನ್ನು ನಮ್ಮಲ್ಲಿ ಬಿಟ್ಟುಹೋಗಿ, ನಿಯಮಕ್ಕೆ ತಕ್ಕಂತೆ ಸರಿಪಡಿಸುತ್ತೇವೆ ಎಂದರು ಆಕೆ. ಪತ್ರಿಕೆಯ ತುಂಡನ್ನು ಕೊಡಲು ಅವನಿಗೆ ಕೈ ಬರಲಿಲ್ಲ. ಅಲ್ಲಿಯೇ ಒಂದು ನಕಲು ತೆಗೆಸಿ ಕೊಟ್ಟು, ಮೂಲವನ್ನು ಜೇಬಿಗಿಟ್ಟುಕೊಂಡು ಬಂದ.

ಮನೆಯಲ್ಲಿ ಹೆಂಡತಿ ವರ್ನೀಸ್ ಬೇಯಿಸಿದ ಕಡಲೆಕಾಯಿ ಸುಲಿಯುತ್ತ ಅವನ ಕೂಗಾಟವನ್ನೆಲ್ಲ ಕೇಳಿದಳು. ಮಾವನ ಸ್ವಭಾವ ಅವಳು ಕಂಡದ್ದೇ.

“ತಬ್ಬಿಕೊಂಡಿದ್ದನ್ನ ಅವರೇನು ವಾಪಸ್ ಕೇಳ್ತಿದಾರಾ?” ಎಂದಳು.

“ವಾಪಸ್ ಕೇಳ್ತಿಲ್ಲ. ಯಾಕೆ ತಬ್ಬಿಕೊಂಡ ಅಂತ ಹೇಳ್ಬೇಡ ಅಂತಿದಾರೆ.”

“ಯಾಕೆ ಅಂತ ಹೇಳಿದ್ರೆ ನಿಂಗೆ ಸಮಾಧಾನ ಆಗುತ್ತಾ?”

ಇದೆಂಥ ಪ್ರಶ್ನೆ ಎಂದು ವೆಂಡೆಲ್ ಸಿಡುಕಿದ. ಏನೇ ಆಗಲಿ, ಮೈಕಿನ ಮುಂದೆ ನಿಂತಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿಯೇಬಿಡುವುದೆಂದು ಗಟ್ಟಿಮಾಡಿಕೊಂಡ. ಗೆದ್ದೆವು ಎಂಬ ಒಂದು ಮಾತಿಗೆ ತನ್ನನ್ನು ಯಾರು ಏನು ಮಾಡಿಯಾರು ಎಂಬ ಧೈರ್ಯ ಅವನಿಗಿತ್ತು. ಅಪ್ಪನ ವಿಷಯದಲ್ಲಿ ಸುಳ್ಳು ಬೆರೆಸಲು ಅವನಿಗೆ ಇಷ್ಟವಿರಲಿಲ್ಲ.

ಅಷ್ಟರಲ್ಲಿ ಪ್ರತಿಮೆಯಲ್ಲಿಯೇ ಒಂದು ದೋಷ ಕಂಡುಬಂತು. ಆಟಗಾರರು ಪೆಟ್ಟಿಬೋನ್ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಿರುವಂತೆ ಶಿಲ್ಪಿ ಎರಕ ಹೊಯ್ದಿದ್ದ. ಕೋಚ್ ಅವರನ್ನು ಹೊರುವುದು ಗೆದ್ದಾಗ ಮಾತ್ರ. ಒಡೆದು ಹೊಸದಾಗಿ ಮಾಡಿಸಲು ಹಕಬೀ ಒಪ್ಪಲಿಲ್ಲ. ಕೊನೆಗೆ ಪ್ರತಿಮೆಯ ಪೀಠದ ಮೇಲೆ ಈ ಒಕ್ಕಣೆ ಕೆತ್ತಲಾಯಿತು: “ಕೋಚ್ ರಾಯ್ಸ್ ಪೆಟ್ಟಿಬೋನ್. ಗೆಲುವು: ಇಲ್ಲ. ಸೋಲು: ಐವತ್ತೆಂಟು. ಕಾಲು ಉಳುಕಿ ನಡೆಯಲಾರದೆ ಇದ್ದಾಗಿನ ಭಂಗಿ.” ಕಾಲು ಉಳುಕಿದವರು ಎರಡೂ ಕೈ ಮೇಲೆತ್ತಿ ಬಾಯ್ತುಂಬ ನಗುತ್ತಿರುವುದೇಕೆಂದು ಕೇಳಿದವರಿಗೆ, ಅದು ಅವರ ಎದೆಗಾರಿಕೆ ಎಂದು ಹೇಳಲು ಸೂಚನೆಯಿತ್ತು.

ಅನಾವರಣಕ್ಕೆ ಊರಿಗೆ ಊರೇ ಬಂತು. ಪಂದ್ಯದ ದಿನದ ರೂಢಿಯಂತೆ ಜನ ಬೆಳಗಿನಿಂದಲೇ ಗಾಡಿಗಳ ಹಿಂಬಾಗಿಲು ತೆರೆದು, ಅಲ್ಲೇ ಹೊಗೆ ಎಬ್ಬಿಸಿ ಮಾಂಸ ಸುಡುತ್ತಿದ್ದರು. ಬರುವವರ ಮಾಹಿತಿಗಾಗಿ ಧ್ವನಿವರ್ಧಕದಲ್ಲಿ ಆಗಾಗ ಒಂದು ಪ್ರಕಟಣೆ ಕೇಳಿಸುತ್ತಿತ್ತು.

“ಅಭಿಮಾನಿಗಳ ಗಮನಕ್ಕೆ. ಕೋಚ್ ಪೆಟ್ಟಿಬೋನ್ ಅವರ ಕಾಲದ ಹವಾಮಾನ, ಊಟೋಪಚಾರ, ಕೋಚ್ ಅವರ ಟೊಪ್ಪಿಗೆ ಹಾಗೂ ಎಲ್ಲ ಸೋಲುಗಳನ್ನು ಮುಕ್ತವಾಗಿ ನೆನಪಿಸಿಕೊಳ್ಳಬಹುದು. ಇತರ ಫಲಿತಾಂಶಗಳನ್ನು ನೆನಪಿಸಿಕೊಳ್ಳುವುದಿದ್ದಲ್ಲಿ, ದಯವಿಟ್ಟು ಆವರಣದ ಹೊರಗೆ ನೆನಪಿಸಿಕೊಳ್ಳತಕ್ಕದ್ದು.”

ಜನ ಸಹಕರಿಸಿದರು. ನೆನಪಾಗಿ ತಡೆಯಲಾರದವರು ರಸ್ತೆ ದಾಟಿ ಹಕಬೀ ಅವರ ಒಲೆಯ ಬಳಿ ಹೋಗಿ, ಒಂದು ಪಕ್ಕೆಲುಬು ತಿನ್ನುತ್ತ ನೆನಪಿಸಿಕೊಂಡು, ಕೈ ಒರೆಸಿಕೊಂಡು ಹಿಂದಿರುಗುತ್ತಿದ್ದರು. ಒಳಗಿದ್ದವರು ಸೋಲುಗಳನ್ನು ಹಂಚಿಕೊಂಡರು. ಅಬ್ಬಾ, ಅವತ್ತು ಎಂಥಾ ಸೋಲು ಸೋತ್ವಿ, ಅಂಥದ್ದು ಈಗಿನ ಹುಡುಗರ ಕೈಲಿ ಸಾಧ್ಯವೇ ಎಂದು ಕೆಲವರು ಹಳಹಳಿಸಿದರು.

ಪೆಟ್ಟಿಬೋನ್ ಅವರೂ ಬಂದಿದ್ದರು. ಬಿಸಿಲಿಗೆ ಚೆನ್ನಾಗಿ ಕಂದಿದ ಮುಖ, ಸರೋವರದ ದಂಡೆಯ ಮನೆಯಲ್ಲಿ ಮೀನು ಹಿಡಿಯುವ ವಿಶ್ರಾಂತ ಜೀವನ. ತಾವು ಎಂದೂ ಗೆಲುವಿನ ಹಿಂದೆ ಬಿದ್ದವರಲ್ಲ, ಅದಕ್ಕೆ ದಾಖಲೆಗಳೇ ಸಾಕ್ಷಿ ಎಂದರು. ಚಪ್ಪಾಳೆ ಬಹಳ ಹೊತ್ತಿನವರೆಗೆ ಮುಂದುವರಿಯಿತು. ರಸ್ತೆಯ ಆಚೆಯಿಂದ ಹಕಬೀ ಗಾಡಿಯ ಹಾರ್ನ್ ಒತ್ತಿದರು.

ನಂತರ ವೆಂಡೆಲ್‌ನ ಸರದಿ. ಅವನು ಮೈಕಿನ ಮುಂದೆ ನಿಂತ. ಜೇಬಿನಲ್ಲಿ ಪತ್ರಿಕೆಯ ತುಂಡು, ನಾಲಿಗೆಯ ತುದಿಯಲ್ಲಿ ಆ ಮಾತು. ಆಗ ಹಿಂದಿನ ದೊಡ್ಡ ಪರದೆಯ ಮೇಲೆ ಫೋಟೋ ಮೂಡಿತು. ಅವನು ತಿರುಗಿ ನೋಡಿದ.

ಮಿಸ್ ಡೆಲ್ಫಿನ್ ಕೆಲಸ ಅಚ್ಚುಕಟ್ಟಾಗಿ ಮಾಡಿಸಿದ್ದರು. ಅಂಕಫಲಕ ಇರಲಿಲ್ಲ. ಅದರ ಜಾಗದಲ್ಲಿ ಬರಿಯ ಆಕಾಶವಿತ್ತು. ಮೈದಾನಕ್ಕೆ ನುಗ್ಗಿದ ಜನರೂ ಅಕ್ರಮವಾದ್ದರಿಂದ ಅವರನ್ನೂ ತೆಗೆಸಿದ್ದರು. ಖಾಲಿ ಬಯಲಿನಲ್ಲಿ, ಕೆಸರಿನಲ್ಲಿ, ಅಪ್ಪನೊಬ್ಬ ಕಣ್ಣುಮುಚ್ಚಿಕೊಂಡು ಮಗನನ್ನು ತಬ್ಬಿ ನಿಂತಿದ್ದ. ಅಡಿಬರಹ ಹೀಗಿತ್ತು: “ಓಟಿಸ್ ಟಿಡ್‌ವೆಲ್ ತಮ್ಮ ಮಗನನ್ನು ಅಪ್ಪಿಕೊಂಡಿರುವುದು. ಕಾರಣ ತಿಳಿದುಬಂದಿಲ್ಲ.”

ಮುಂದಿನ ಸಾಲಿನಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಪಕ್ಕದವಳಿಗೆ ಹೇಳಿದ್ದು ಮೈಕಿನವರೆಗೂ ಕೇಳಿಸಿತು.

“ನೋಡೇ, ಏನೂ ಇಲ್ದೇನೇ ತಬ್ಕೊಂಡಿದಾನೆ. ಅಪ್ಪ ಅಂದ್ರೆ ಹಾಗಿರಬೇಕು.”

ವೆಂಡೆಲ್ ಫೋಟೋವನ್ನೇ ನೋಡುತ್ತ ನಿಂತ. ಇಷ್ಟು ವರ್ಷ ಅದನ್ನು ಎಷ್ಟೋ ಸಲ ನೋಡಿದ್ದ. ಪ್ರತಿ ಸಲವೂ ಕಣ್ಣು ಮೊದಲು ಹೋಗುತ್ತಿದ್ದದ್ದು ಹದಿನೇಳು ಹದಿನಾರರ ಕಡೆಗೆ. ಆ ಒಂದು ಅಂಕ ಬಾರದಿದ್ದರೆ ಅಪ್ಪ ಗಾಡಿಗೆ ಹೋಗಿ ಕೂರುತ್ತಿದ್ದ ಎಂಬುದು ಅವನಿಗೆ ಗೊತ್ತಿತ್ತು, ಅದು ಗೊತ್ತಿದ್ದುದೇ ಅವನ ಜೀವಕ್ಕೆ ಮುಳ್ಳಾಗಿತ್ತು. ಈಗ ಆ ಒಂದು ಅಂಕವನ್ನು ಅಧಿಕೃತವಾಗಿ, ಸಮರ್ಪಕ ವಿಚಾರಣೆಯ ನಂತರ, ಕಿತ್ತುಹಾಕಲಾಗಿತ್ತು. ಅಪ್ಪ ಮಾತ್ರ ಕೈ ಸಡಿಲಿಸಿರಲಿಲ್ಲ.

ವೆಂಡೆಲ್ ಮೈಕಿನ ಕಡೆಗೆ ತಿರುಗಿದ.

“ಅವನು ನಮ್ಮಪ್ಪ,” ಎಂದ. “ಅವತ್ತು ಏನೂ ಆಗಿರ್ಲಿಲ್ಲ. ಸುಮ್ನೆ ಬಂದು ತಬ್ಬಿಕೊಂಡ.”

ಅಷ್ಟು ಹೇಳಿ ಇಳಿದುಬಂದ. ಊರಿಗೆ ಊರೇ ಕಣ್ಣೊರೆಸಿಕೊಂಡಿತು. ಅಂದು ಅದೇ ಕೆಸರಿನಲ್ಲಿ ಬೇಲಿ ಹಾರಿ, ಗೆಲುವಿನ ಕೂಗು ಹಾಕಿ ದನಿ ಕಳೆದುಕೊಂಡಿದ್ದವರೇ ಅವನ ಬೆನ್ನು ತಟ್ಟಿ, ನಿಮ್ಮಪ್ಪನಂಥವನು ಈ ಕಡೆ ಇನ್ನೊಬ್ಬನಿಲ್ಲ ಎಂದರು. ವರ್ನೀಸ್ ಅವನ ಜೇಬಿನಿಂದ ಇಣುಕುತ್ತಿದ್ದ ಪತ್ರಿಕೆಯ ತುಂಡನ್ನು ಒಳಗೆ ತಳ್ಳಿದಳು. ಮಿಸ್ ಡೆಲ್ಫಿನ್ ಭಾಷಣದಲ್ಲಿ ಯಾವುದೇ ಉಲ್ಲಂಘನೆ ಇಲ್ಲವೆಂದು ಬರೆದುಕೊಂಡರು.

ಮರುವಾರವೇ ನಿಯಮಪಾಲನಾ ಕಚೇರಿಯ ಮುಂದೆ ಜನ ಸಾಲುಗಟ್ಟಿದರು. ಎಲ್ಲರ ಕೈಯಲ್ಲೂ ಹಳೆಯ ಫೋಟೋ. ಅಣ್ಣ ಆಸ್ತಿ ಪಾಲಾದ ದಿನ ನಕ್ಕದ್ದು, ಅತ್ತೆ ಊರಿಗೆ ಹೊರಟ ದಿನ ಸೊಸೆ ಮುತ್ತಿಟ್ಟದ್ದು. ಹಿಂದಿರುವ ಕಾರಣವನ್ನು ತೆಗೆದು, ಆಕಾಶ ಹಾಕಿಕೊಡಿ ಎಂಬುದು ಎಲ್ಲರ ಕೋರಿಕೆ. ಕಾಲೇಜು ಸಾರ್ವಜನಿಕರ ಹಿತದೃಷ್ಟಿಯಿಂದ ‘ಕಾರಣ ತೆರವು ವಿಭಾಗ’ ತೆರೆದು, ಸೂಕ್ತ ಶುಲ್ಕ ನಿಗದಿಪಡಿಸಿತು. ಬಂದ ವರಮಾನದಲ್ಲಿ ಈಗಿನ ಆಟಗಾರರಿಗೆ ಪಿಕಪ್ ಗಾಡಿ ಕೊಡಿಸಲಾಗುತ್ತಿದೆ. ನಿಯಮ ಬದಲಾಗಿದೆ, ಅದು ಈಗ ತಪ್ಪಲ್ಲ. ಗಾಡಿ ಒದಗಿಸುತ್ತಿರುವವರು ಹಕಬೀ.

ಸಾಲಿನಲ್ಲಿ ಒಂದು ದಿನ ವೆಂಡೆಲ್ ಕೂಡ ನಿಂತಿದ್ದ. ಸರದಿ ಬಂದಾಗ ಜೇಬಿನಿಂದ ಪತ್ರಿಕೆಯ ತುಂಡು ತೆಗೆದು ಮೇಜಿನ ಮೇಲಿಟ್ಟ. ಇದರಲ್ಲಿ ತಪ್ಪು ಮಾಹಿತಿ ಅಚ್ಚಾಗಿದೆ, ಮನೆಯಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ ಎಂದ. ಮಿಸ್ ಡೆಲ್ಫಿನ್ ಕನ್ನಡಕ ಏರಿಸಿ, ತುಂಡನ್ನು ಬೆಳಕಿಗೆ ಹಿಡಿದು ನೋಡಿ, ಹೌದೆಂದು ಒಪ್ಪಿ ತೆಗೆದಿಟ್ಟುಕೊಂಡರು.